ಬಸುರಿಗೆ ರಜೆ ಕೊಟ್ಟರೆ ಬಿಟ್ಟಿ ಭಾಗ್ಯವೇ?

‘ಬಸ್ಸು ಪುಕ್ಕಟೆ, ಅಕ್ಕಿ ಪುಕ್ಕಟೆ, ತಿಂಗಳಿಗೆ ಎರಡು ಸಾವಿರ ಬೇರೆ. ಇನ್ನೇನು ಬೇಕಂತೆ ಇವರಿಗೆ?’ ಬೆಂಗಳೂರಿನ ಗಿರಿನಗರದ ಪಾರ್ಕಿನಲ್ಲಿ ವಾಕಿಂಗ್ ಮುಗಿಸಿ ಕೂತವರ ನಿತ್ಯದ ಮಾತಿದು. ಅದೇ ಹೊತ್ತಿಗೆ ಅವರ ಮನೆಯಲ್ಲಿ ಹೊಸಕೆರೆಹಳ್ಳಿಯಿಂದ ನಡೆದು ಬಂದ ಏಳು ತಿಂಗಳ ಬಸುರಿ ಕುಕ್ಕರಗಾಲಲ್ಲಿ ಕೂತು ನೆಲ ಒರೆಸುತ್ತಿರುತ್ತಾಳೆ. ಅದು ಬೆಳಗಿನಿಂದ ಮೂರನೇ ಮನೆ. ಹೊಟ್ಟೆಗೆ ಬಿದ್ದಿರುವುದು ಅರ್ಧ ಲೋಟ ಕಾಫಿ, ನಿನ್ನೆಯ ಚಿತ್ರಾನ್ನ.

ಮಗು ಎರಡೂವರೆ ಕೆ.ಜಿ.ಗಿಂತ ಕಡಿಮೆ ತೂಗಿದರೆ ‘ಸರಿಯಾಗಿ ತಿನ್ನಲ್ಲ, ಮಾತ್ರೆ ನುಂಗಲ್ಲ’ ಎಂದು ತಾಯಿಯ ಮೇಲೇ ಗೂಬೆ ಕೂರಿಸುತ್ತೇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಸುಮಾರು ಶೇ 45ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಅಷ್ಟೂ ಮಂದಿಯದು ಬರೀ ಅಸಡ್ಡೆಯೇ?

ಅಂಗನವಾಡಿಯಲ್ಲಿ ಬಸುರಿಯರಿಗೆ ಬಿಸಿಯೂಟ, ಮೊಟ್ಟೆ, ಹಾಲು ಕೊಡುವ ಮಾತೃಪೂರ್ಣ ಯೋಜನೆ 2017ರಲ್ಲೇ ಬಂತು. ಒಳ್ಳೆಯದೇ. ಆದರೆ ಊಟದ ಹೊತ್ತಿಗೆ ಈಕೆ ನಾಲ್ಕನೇ ಮನೆಯ ಸಿಂಕಿನ ಮುಂದೆ ನಿಂತಿರುತ್ತಾಳೆ. ಕೇಂದ್ರದ ಮಾತೃವಂದನಾ ಯೋಜನೆ ಮೊದಲ ಹೆರಿಗೆಗೆ 5,000 ರೂಪಾಯಿ ಕೊಡುತ್ತದೆ. ಎರಡನೆಯದಕ್ಕೆ 6,000, ಅದೂ ಹೆಣ್ಣಾದರೆ ಮಾತ್ರ. ಹುಟ್ಟಿದ ಮೇಲಷ್ಟೇ ಬರುವ ಈ 6,000 ಹೊಟ್ಟೆಯಲ್ಲಿರುವ ಮಗುವಿಗೆ ಊಟವಾಗುವುದು ಹೇಗೆ? ಇನ್ನು 26 ವಾರಗಳ ಹೆರಿಗೆ ರಜೆ ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆಗೇ ಹೊರತು ಅಡುಗೆಮನೆಗಲ್ಲ. ಮಗಳಿಗೆ ಐಟಿ ಕಂಪನಿ ಆರು ತಿಂಗಳ ಸಂಬಳ ಕೊಟ್ಟಾಗ ಅದನ್ನು ಬಿಟ್ಟಿ ಎಂದವರನ್ನು ನಾನಂತೂ ನೋಡಿಲ್ಲ.

ಬಸುರಿಯ ಹಸಿವಿನ ಬೆಲೆ ಎಷ್ಟು ಕಾಲ ತೆರಬೇಕಾಗುತ್ತದೆ ಎಂಬುದನ್ನು ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ಹಳೇ ಹೆರಿಗೆ ದಾಖಲೆಗಳು ತೋರಿಸಿವೆ. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನು ವೈದ್ಯರು ಹುಡುಕಿ ಪರೀಕ್ಷಿಸಿದರು. ಆ ವರದಿ ಬಂದದ್ದು 1996ರಲ್ಲಿ. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ, ಅದರಲ್ಲೂ ತಾಯಿ ಬಡಕಲಾಗಿದ್ದವರಲ್ಲಿ, ಹೃದ್ರೋಗ ಹೆಚ್ಚಿತ್ತು. ತಾಯಿಯ ಹಸಿವು ಮಗುವಿನ ನಡುವಯಸ್ಸಿನವರೆಗೂ ಬೆನ್ನು ಬಿಟ್ಟಿರಲಿಲ್ಲ.

ಈಕೆಗೂ ಸಂಬಳಸಹಿತ ರಜೆ ಕೊಡಿ ಎಂದರೆ ಬರುವ ಪ್ರಶ್ನೆ: ‘ರಜೆಗೂ ಸಂಬಳ, ಬದಲಿಯವಳಿಗೂ ಸಂಬಳ ಅಂದರೆ ನಮಗೆ ಡಬಲ್ ಖರ್ಚಲ್ಲವೇ?’ ಹೌದು. ಆದರೆ ನಾಲ್ಕು ಮನೆಯವರೂ ತಂತಮ್ಮ ಪಾಲು ಕೊಟ್ಟರೆ ಒಬ್ಬೊಬ್ಬರಿಗೆ ತಿಂಗಳಿಗೆ ಬೀಳುವುದು ಮನೆಮಂದಿಯ ಒಂದು ಹೊತ್ತಿನ ಹೋಟೆಲ್ ಬಿಲ್ಲಿನಷ್ಟು.

ಮನೆಗೆಲಸದವರ ಸಾಮಾಜಿಕ ಭದ್ರತೆಗೆಂದು ರಾಜ್ಯ ಸರ್ಕಾರ 2025ರಲ್ಲಿ ಕರಡು ಮಸೂದೆ ಹೊರಡಿಸಿತು. ಅದರಲ್ಲಿ ಸಂಬಳಸಹಿತ ಹೆರಿಗೆ ರಜೆ ಗಟ್ಟಿಯಾಗಿ ನಿಲ್ಲಬೇಕು, ಹೆರಿಗೆಗೆ ಮುಂಚಿನ ತಿಂಗಳುಗಳೂ ಸೇರಬೇಕು. ಕಾನೂನಿಗೆ ಕಾಯದೆ ನೀವು ಮಾಡಬಹುದಾದದ್ದೂ ಇದೆ: ನಿಮ್ಮ ಮನೆಯ ಕೆಲಸದಾಕೆಗೆ ಏಳನೇ ತಿಂಗಳಿಂದ ರಜೆ ಕೊಡಿ, ಸಂಬಳ ಹಿಡಿಯಬೇಡಿ.