ಮೊದಲು ಪರದೆಯನ್ನು ತಿದ್ದಿ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಫೋಟೋ ತಿದ್ದುವ ನಮ್ಮ ವಿಷಯದಲ್ಲಿ ನೆಲ ನಿಜಕ್ಕೂ ಡೊಂಕು. ಆದರೂ ನಾವು ಕುಣಿತವನ್ನೇ ತಿದ್ದುತ್ತ ಕೂತಿದ್ದೇವೆ.

ಊರಿಂದ ತಂದ ಹಳೆಯ ಆಲ್ಬಮ್‌ಗಳನ್ನು ಸ್ಕ್ಯಾನ್ ಮಾಡುವ ಹುಮ್ಮಸ್ಸು ನಮ್ಮಲ್ಲಿ ಅನೇಕರಿಗಿದೆ. ಒಳ್ಳೆಯದೇ. ಎಪ್ಪತ್ತರ ದಶಕದ ಎಷ್ಟೋ ಕಲರ್ ಪ್ರಿಂಟುಗಳಲ್ಲಿ, ಕತ್ತಲ ಪೆಟ್ಟಿಗೆಯಲ್ಲಿ ಇಟ್ಟಿದ್ದರೂ, ಸಯಾನ್ ಬಣ್ಣ ಮೊದಲು ಮಾಸಿ ಚಿತ್ರವೆಲ್ಲ ಕೆಂಪಗಾಗಿರುತ್ತದೆ. ಆ ಕೆಂಪನ್ನು ತೆಗೆಯಲು ಲ್ಯಾಪ್‌ಟಾಪಿನ ಮುಂದೆ ಕೂತು ಸ್ಲೈಡರ್ ಎಳೆಯುತ್ತೇವೆ. ಪರದೆಯೇ ನೀಲಿಗೆ ವಾಲಿದ್ದರೆ? ಕಂಡ ನೀಲಿಯನ್ನು ಕಳೆಯಲು ಫೋಟೋಗೆ ಹಳದಿ ಸುರಿಯುತ್ತೇವೆ. ರೋಗ ಪರದೆಗೆ, ಔಷಧಿ ಫೋಟೋಗೆ! ಅಮ್ಮನ ಮದುವೆ ಸೀರೆ ಎರಡನೆಯ ಸಲ ಬಣ್ಣಗೆಡುತ್ತದೆ. ಮೊದಲ ಸಲ ಕೆಡಿಸಿದ್ದು ಕಾಲ, ಈ ಸಲ ಮಕ್ಕಳು.

"ನನ್ನ ಕಣ್ಣು ಚೆನ್ನಾಗಿದೆ" ಎನ್ನುವವರೇ, ಕಣ್ಣು ಹೊಂದಿಕೊಂಡುಬಿಡುತ್ತದೆ. ಸ್ವಲ್ಪ ಹೊತ್ತು ನೋಡಿದರೆ ನೀಲಿ ಛಾಯೆಯ ಬಿಳಿಯೂ ಅದಕ್ಕೆ ಅಪ್ಪಟ ಬಿಳಿಯೇ. ಬಾಡಿಗೆ ಕೋಣೆಯ ಹಳದಿ ಬಲ್ಬು, ಹಸಿರು ಗೋಡೆ, ಸಂಜೆಯಾದೊಡನೆ ತಾನಾಗಿ ಶುರುವಾಗುವ ನೈಟ್ ಮೋಡ್, ಇವೆಲ್ಲ ಸೇರಿ ಅದನ್ನು ಇನ್ನಷ್ಟು ಯಾಮಾರಿಸುತ್ತವೆ.

ಕಲರಿಮೀಟರ್ ಯಾಮಾರುವುದಿಲ್ಲ. ಪರದೆ ಅರ್ಧ ಗಂಟೆ ಉರಿದ ಮೇಲೆ ಅದನ್ನು ಪರದೆಗೆ ಆನಿಸಿ ಇಡಿ. ಬಿಳಿ 6500 ಕೆಲ್ವಿನ್, ಗಾಮಾ 2.2, ಬೆಳಕು ಚದರ ಮೀಟರಿಗೆ 100ರಿಂದ 120 ಕ್ಯಾಂಡೆಲಾ ಎಂಬ ಗುರಿ ಕೊಡಿ. ಅದು ಅಳೆದದ್ದನ್ನು ತಂತ್ರಾಂಶ ಐಸಿಸಿ ಪ್ರೊಫೈಲಿನಲ್ಲಿ ಬರೆದಿಡುತ್ತದೆ. ಆ ಪ್ರೊಫೈಲ್ ಆ ಒಂದು ಪರದೆಗೆ ಮಾತ್ರ. ಅದನ್ನು ಫೋಟೋಶಾಪಿನ ವರ್ಕಿಂಗ್ ಸ್ಪೇಸ್ ಮಾಡಿಕೊಂಡರೆ ಮತ್ತೆ ಹಳೆಯ ಕಥೆಯೇ. ಅಲ್ಲಿ ಎಸ್‌ಆರ್‌ಜಿಬಿ ಇರಲಿ.

ದುಬಾರಿ ಎನ್ನುತ್ತೀರಾ? ಲೆನ್ಸಿಗೆ ಸುರಿಯುವ ದುಡ್ಡಿನ ಮುಂದೆ ಇದು ಏನೂ ಅಲ್ಲ. ತಿಂಗಳಿಗೊಮ್ಮೆ ಬೇಕಾಗುವ ವಸ್ತು. ನಾಲ್ವರು ಗೆಳೆಯರು ಸೇರಿ ಒಂದು ಕೊಳ್ಳಬಹುದು. ಅದನ್ನು ನಡೆಸಲು ಡಿಸ್‌ಪ್ಲೇಕ್ಯಾಲ್ ಎಂಬ ತಂತ್ರಾಂಶ ಉಚಿತವಾಗಿದೆ.

ಅದೂ ಆಗದಿದ್ದರೆ ಅಂಕಿಗಳನ್ನಾದರೂ ಓದಿ. ಪರದೆ ಸುಳ್ಳು ಹೇಳಿದರೂ ಇನ್ಫೋ ಪ್ಯಾನೆಲ್ ಸುಳ್ಳು ಹೇಳುವುದಿಲ್ಲ. ಬೂದು ಇರಬೇಕಾದ ಕಡೆ ಕೆಂಪು, ಹಸಿರು, ನೀಲಿ ಮೂರೂ ಹೆಚ್ಚುಕಡಿಮೆ ಸಮ ಇರಬೇಕು. 150, 128, 125 ಎಂದಿದ್ದರೆ ಕೆಂಪು ಉಳಿದಿದೆ ಎಂದರ್ಥ. ಸಿಮೆಂಟು ಗೋಡೆಯನ್ನೋ ಅಜ್ಜನ ನರೆಗೂದಲನ್ನೋ ಆರಿಸಿ. ಅಪ್ಪನ ಬಿಳಿ ಪಂಚೆಯನ್ನು ನಂಬಬೇಡಿ, ಅದನ್ನು ನೀಲಿ ಹಾಕಿ ಒಗೆದಿರುತ್ತಾರೆ!

ಪರದೆ ಸರಿಯಾದ ಮಾತ್ರಕ್ಕೆ ಫೋಟೋ ಸರಿಯಾಗದು; ತಿದ್ದುವ ಕೆಲಸ ಇದ್ದೇ ಇದೆ. ಆದರೆ ಅಳತೆಯಿಲ್ಲದೆ ತಿದ್ದುವುದಕ್ಕಿಂತ ತಿದ್ದದಿರುವುದೇ ವಾಸಿ. ಪುಣೆ, ಹೈದರಾಬಾದುಗಳಲ್ಲಿ ಹುಟ್ಟಿದ ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಮುತ್ತಜ್ಜಿಯನ್ನು ನೋಡುವುದು ಈ ಫೈಲಿನಲ್ಲಿ ಮಾತ್ರ. ಅವಳ ಮೈಬಣ್ಣ ಯಾವುದೆಂದು ಯಾವುದೋ ಅಗ್ಗದ ಪರದೆ ತೀರ್ಮಾನಿಸಬೇಕೆ? ಮೂಲ ಸ್ಕ್ಯಾನನ್ನು ಮುಟ್ಟದೆ ಎತ್ತಿಡಿ, ಪರದೆಯನ್ನು ಅಳೆಯಿರಿ, ಆಮೇಲೆ ಸ್ಲೈಡರಿಗೆ ಕೈ ಹಾಕಿ.