ಬ್ಯಾಂಕಿನಿಂದ ಬಂದರೆ ಶುದ್ಧವೇ?

ರಾಜಕೀಯ ಪಕ್ಷಗಳಿಗೆ ಬ್ಯಾಂಕಿನ ಮೂಲಕ ದೇಣಿಗೆ ಕೊಡಲು ಇದ್ದ ಚುನಾವಣಾ ಬಾಂಡ್ ಕಪ್ಪುಹಣಕ್ಕೆ ಕಡಿವಾಣ ಹಾಕಿತ್ತು ಎಂಬ ವಾದ ಓದಿ ಸಂಕಟವಾಯಿತು. ಮೊದಲು ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 7.5ಕ್ಕಿಂತ ಹೆಚ್ಚು ದೇಣಿಗೆ ಕೊಡುವಂತಿರಲಿಲ್ಲ. 2017ರಲ್ಲಿ ಆ ಮಿತಿಯನ್ನೇ ಕಿತ್ತುಹಾಕಿದರು. ನಷ್ಟದಲ್ಲಿದ್ದ ಕಂಪನಿಯೂ ಒಂದು ಕೋಟಿ ರೂಪಾಯಿಯ ಬಾಂಡ್ ಕೊಳ್ಳಬಹುದಾಯಿತು. ಲಾಭವೇ ಇಲ್ಲದವರು ಏನನ್ನು ನಿರೀಕ್ಷಿಸಿ ಕೊಡುತ್ತಾರೆ ಸ್ವಾಮಿ? ಬಾಂಡ್ ಮೇಲೆ ಕೊಂಡವರ ಹೆಸರಿರಲಿಲ್ಲ. ಇದ್ದದ್ದು ಬರಿಗಣ್ಣಿಗೆ ಕಾಣದ ಸಂಖ್ಯೆ. ನಮ್ಮ ಶಾಸಕರು, ಸಂಸದರು ಯಾರ ಋಣದಲ್ಲಿದ್ದಾರೆಂದು ಮತದಾರನಿಗೆ ತಿಳಿಯುವುದು ಹೇಗೆ? ಈ ಮಾಹಿತಿಯ ಹಕ್ಕನ್ನೇ ಎತ್ತಿಹಿಡಿದು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿ 15ರಂದು ಯೋಜನೆಯನ್ನು ರದ್ದುಪಡಿಸಿತು. ಬಾಂಡ್‌ಗಳ ವಿವರ ಕೊಡಲು ಜೂನ್ 30ರವರೆಗೆ ಸಮಯ ಕೇಳಿದ್ದ, ಅವನ್ನು ಮಾರುತ್ತಿದ್ದ ಎಸ್‌ಬಿಐ, ಮಾರ್ಚ್ 11ರಂದು ಕೋರ್ಟ್ ಗದರಿಸಿದ ಮರುದಿನವೇ ಅದನ್ನು ಒಪ್ಪಿಸಿತು.