ಹೆಪ್ಪುಗಟ್ಟಿದ ನೀರು ಮತ್ತು ಪ್ರಶ್ನೆ ಕೇಳುವ ಕ್ರಮ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ನಮಗೆಲ್ಲ ತಿಳಿದದ್ದೇ. ಬಾವಿಯ ನೀರು ಬರಲಿಲ್ಲವೆಂದು ಮನೆಗೇ ಬೆಂಕಿ ಹಚ್ಚಿಕೊಳ್ಳುವವರೂ ಇದ್ದಾರೆಂದರೆ ಓದುಗರು ನಂಬಲಿಕ್ಕಿಲ್ಲ. ಶೀತದೇಶಗಳಲ್ಲಿ ಇದು ನಡೆಯುವ ಸಂಗತಿ. ಹೆಪ್ಪುಗಟ್ಟಿದ ಕೊಳವೆಗೆ ಗ್ಯಾಸಿನ ಜ್ವಾಲೆ ಹಿಡಿಯಲು ಹೋಗಿ, ಗೋಡೆಯೊಳಗಿನ ಮರಕ್ಕೆ ಬೆಂಕಿ ತಗುಲಿ ಮನೆ ಕಳೆದುಕೊಂಡವರುಂಟು.

ಅಮೆರಿಕದ ಮಿನ್ನೆಸೋಟದಲ್ಲಿರುವ ಮಗಳ ಮನೆಯಲ್ಲಿ ಎರಡು ಚಳಿಗಾಲ ಕಳೆದ ಮೇಲೆ ಈ ಬಗ್ಗೆ ನಾಲ್ಕು ಮಾತು ಬರೆಯಬೇಕೆನ್ನಿಸಿತು. 2019ರ ಜನವರಿ 30ರಂದು ಅಲ್ಲಿನ ಮಿನ್ನಿಯಾಪೊಲಿಸ್‌ನಲ್ಲಿ ಉಷ್ಣತೆ ಸೊನ್ನೆಗಿಂತ 33 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಿತ್ತು. ನಗರದ ಅಂಚು ದಾಟಿದರೆ ಅನೇಕ ಮನೆಗಳಿಗೆ ನಗರಸಭೆಯ ನೀರಿಲ್ಲ. ತಮ್ಮದೇ ಕೊಳವೆ ಬಾವಿಯೇ ಗತಿ. ಅಂಥ ಮನೆ ಕೊಂಡ ನಮ್ಮ ಮಕ್ಕಳಿಗೆ ಸಾಲದ ಕಂತು ಗೊತ್ತು, ನೀರಿನ ದಾರಿ ಗೊತ್ತಿಲ್ಲ. ಇದು ನನ್ನ ಆಕ್ಷೇಪ.

ನಮ್ಮ ಹಿರಿಯರ ಬಾವಿಯಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತಿತ್ತು. ಹಗ್ಗ ಹರಿದರೆ ಹಗ್ಗ. ಕೊಡ ಮುಳುಗಿದರೆ ಪಾತಾಳಗರಡಿ. ಇಂದಿನ ಬಾವಿ ಕಬ್ಬಿಣದ ಕೊಳವೆಯೊಳಗೆ ಅಡಗಿದೆ. ಕಾಣದ್ದನ್ನು ತಿಳಿಯಲು ಪ್ರಶ್ನೆಗಳನ್ನು ಕ್ರಮವಾಗಿ ಕೇಳಬೇಕು. ಮೂರು ದಶಕ ವಿಜ್ಞಾನ ಪಾಠ ಹೇಳಿದ ನಾನು ಮಕ್ಕಳಿಗೆ ಕಲಿಸಲು ಯತ್ನಿಸಿದ್ದೂ ಇದನ್ನೇ.

ಮೊದಲ ಪ್ರಶ್ನೆ: ನೀರು ನಿಂತದ್ದು ಒಂದು ನಲ್ಲಿಯಲ್ಲೋ, ಎಲ್ಲದರಲ್ಲೋ? ಒಂದರಲ್ಲಾದರೆ ಬಾವಿಯನ್ನು ದೂರಬೇಕಾಗಿಲ್ಲ. ಹೊರಗೋಡೆಗೆ ತಾಗಿದ ಕೊಳವೆ ಹೆಪ್ಪುಗಟ್ಟಿರುತ್ತದೆ. ಎಲ್ಲದರಲ್ಲಾದರೆ ಪಂಪಿನ ವಿದ್ಯುತ್ ಬ್ರೇಕರ್ ನೋಡಬೇಕು. ಅದು ಸರಿಯಿದ್ದರೆ ಒತ್ತಡದ ಟ್ಯಾಂಕಿನ ಬಳಿಯ ಮಾಪಕ ಉತ್ತರ ಹೇಳುತ್ತದೆ. ಸಾಮಾನ್ಯವಾಗಿ ಮುಳ್ಳು 40 ಮತ್ತು 60ರ ನಡುವೆ ಆಡುತ್ತಿರುತ್ತದೆ. ಒತ್ತಡವಿದ್ದೂ ನೀರಿಲ್ಲದಿದ್ದರೆ ತಡೆ ಟ್ಯಾಂಕಿನಿಂದ ಈಚೆಗೆ, ಮನೆಯೊಳಗೆ. ಪಂಪು ಓಡುತ್ತಿದ್ದೂ ಒತ್ತಡ ಏರದಿದ್ದರೆ ಬಾವಿಯಿಂದ ಟ್ಯಾಂಕಿಗೆ ಬರುವ ಕೊಳವೆಯನ್ನು ಶಂಕಿಸಬೇಕು. ನೀರು ಹರಿಯದೆ ಪಂಪು ಸುಟ್ಟೀತಾದ್ದರಿಂದ ಕೂಡಲೇ ನಿಲ್ಲಿಸಬೇಕು. ಪಂಪು ಮೌನವಾಗಿದ್ದರೆ ಪ್ರೆಷರ್ ಸ್ವಿಚ್ಚಿನ ಕೆಳಗಿನ ಸಣ್ಣ ಕೊಳವೆಯತ್ತ ನೋಡಿ. ಕಾಲು ಅಂಗುಲದ ಆ ದಾರಿಯಲ್ಲಿ ನೀರು ಹರಿಯದೆ ನಿಂತಿರುತ್ತದೆ. ಟ್ಯಾಂಕು ಹೊರಗಿನ ಪಂಪುಮನೆಯಲ್ಲಿದ್ದರೆ ಮೊದಲು ಹೆಪ್ಪುಗಟ್ಟುವುದು ಅದೇ. ಆಗ ಒತ್ತಡ ಇಳಿದದ್ದು ಸ್ವಿಚ್ಚಿಗೆ ತಿಳಿಯುವುದಿಲ್ಲ. ಮುಚ್ಚಳ ತೆರೆಯುವ ಮುನ್ನ ಬ್ರೇಕರ್ ಆರಿಸುವುದನ್ನು ಮರೆಯಬಾರದು.

ಕರಗಿಸುವುದಕ್ಕೂ ಕ್ರಮವಿದೆ. ನೀರು ಮಂಜುಗಡ್ಡೆಯಾದಾಗ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆಂದು ಪಾಠದಲ್ಲಿ ಓದುತ್ತೇವೆ. ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿದ ನೀರಿನ ಒತ್ತಡವೇ ಬಹುತೇಕ ಕೊಳವೆಯನ್ನು ಒಡೆಯುವುದು. ಆದ್ದರಿಂದ ನಲ್ಲಿ ತೆರೆದಿಟ್ಟು, ನಲ್ಲಿಯ ಕಡೆಯಿಂದ ಹಿಂದಕ್ಕೆ, ಹೇರ್ ಡ್ರೈಯರಿನಿಂದಲೋ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದಲೋ ನಿಧಾನವಾಗಿ ಕಾಯಿಸಬೇಕು. ಜ್ವಾಲೆ ಕೂಡದು.

ನಿಜವಾದ ಮದ್ದಿರುವುದು ಚಳಿಗಾಲದಲ್ಲಲ್ಲ, ಅದಕ್ಕೆ ಮುನ್ನ. ಕಟ್ಟಡದ ಅಡಿಪಾಯ ಹಿಮದ ಹೊಡೆತಕ್ಕೆ ಸಿಗದಿರಲೆಂದು ಆ ರಾಜ್ಯದ ನಿಯಮ ದಕ್ಷಿಣದಲ್ಲಿ ಮೂರೂವರೆ ಅಡಿ, ಉತ್ತರದಲ್ಲಿ ಐದು ಅಡಿ ಆಳ ಬಯಸುತ್ತದೆ. ನೀರಿನ ಕೊಳವೆ ಇನ್ನೂ ಆಳದಲ್ಲಿರುವುದು ಲೇಸು. ಬಿದ್ದ ಹಿಮ ನೆಲಕ್ಕೆ ಕಂಬಳಿಯಿದ್ದಂತೆ. ಕಾರಿಗಾಗಿ ಹಿಮ ಬಳಿದ ದಾರಿಯ ಕೆಳಗೆ ನೆಲ ಹೆಚ್ಚು ಆಳಕ್ಕೆ ಹೆಪ್ಪುಗಟ್ಟುತ್ತದೆ. ಕೊಳವೆ ಅಲ್ಲಿಯೇ ಹಾದಿದ್ದರೆ ಅಪಾಯ. ನಲ್ಲಿಯನ್ನು ರಾತ್ರಿಯಿಡೀ ತೊಟ್ಟಿಕ್ಕಲು ಬಿಡುವ ಉಪಾಯವೂ ದೋಷರಹಿತವಲ್ಲ; ಆ ತೆಳು ನೀರು ಶೌಚಗುಂಡಿಗೆ ಹೋಗುವ ಕೊಳವೆಯಲ್ಲಿ ಹೆಪ್ಪುಗಟ್ಟಬಲ್ಲದು.

ಬಾವಿ ಎಲ್ಲಿದೆ, ಕೊಳವೆ ಎಲ್ಲಿ ಹಾದಿದೆ, ಪಂಪಿನ ಬ್ರೇಕರ್ ಯಾವುದು, ಮುಖ್ಯ ವಾಲ್ವ್ ಎಲ್ಲಿದೆ, ರಿಪೇರಿಯವರ ಫೋನ್ ಸಂಖ್ಯೆ ಯಾವುದು: ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ನೆಲಮಾಳಿಗೆಯ ಗೋಡೆಗೆ ಅಂಟಿಸಲು ಅರ್ಧ ಗಂಟೆ ಸಾಕು. ಅಳಿಯ, ಮಗಳು ಕೆಲಸಕ್ಕೆ ಹೋದಾಗ ಮೊಮ್ಮಗುವಿನೊಡನೆ ಮನೆಯಲ್ಲಿ ಉಳಿಯುವವರು ನಮ್ಮಂಥ ವೃದ್ಧರು. ಈ ಸಲ ಮಕ್ಕಳ ಮನೆಗೆ ಹೋದಾಗ ಆ ಹಾಳೆ ಎಲ್ಲಿದೆಯೆಂದು ಮೊದಲು ಕೇಳಿ.